ಬೆಳಗಿನ ರೈಲು, ಸಂಜೆಯ ಮನಸ್ಸು

ನಸುಕಿನಲ್ಲೇ ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹೊರಡುತ್ತದೆ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್, ಕೋರಮಂಡಲ್ ಕಡೆಯ ಗಣಿ ಕ್ವಾರ್ಟರ್ಸ್‌ಗಳಿಂದ ಊಟದ ಡಬ್ಬಿ ಹಿಡಿದು ಬಂದವರು ಹತ್ತುತ್ತಾರೆ. ಬಂಗಾರಪೇಟೆ ದಾಟಿದರೆ ಕೂರಲು ಜಾಗ ಸಿಗುವುದು ಕಷ್ಟ. 1894ರಲ್ಲಿ ಚಿನ್ನದ ಗಣಿಗೆಂದೇ ಹಾಕಿದ ಹಳಿ ಇದು. 2001ರ ಫೆಬ್ರುವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ, ಅದೇ ಹಳಿಯ ಮೇಲೆ ಊರಿನ ದುಡಿಮೆ ದಿನವೂ ಸುಮಾರು 90 ಕಿಲೋಮೀಟರ್ ಆಚೆಗೆ ಹೋಗಿ ಬರುತ್ತಿದೆ.

ಸಂಜೆ ನಿಂತೇ ಮರಳುವವರ ಬಾಯಲ್ಲಿ ಒಂದೇ ಮಾತು: ‘ಸಾಕಪ್ಪಾ, ಬೆಂಗಳೂರಲ್ಲೇ ಒಂದು ರೂಮು ಮಾಡ್ಕೊಂಡುಬಿಡೋಣ.’ ಭಾನುವಾರ ಅವರನ್ನೇ ಕೇಳಿ: ‘ಈ ಊರು ಬಿಟ್ಟು ಎಲ್ಲಿಗೆ ಹೋಗೋದು?’ ಸೋಮವಾರ ಮತ್ತೆ ಅದೇ ರೈಲು. ಹಾಗಾದರೆ ಇವರಿಗೆ ಒಳಿತು ಯಾವುದು? ಅದನ್ನು ಹೇಳಬೇಕಾದವರು ಯಾರು?

ಅರ್ಥಶಾಸ್ತ್ರದ ಹಳೆಯ ಉತ್ತರ ಸರಳ. ಮನುಷ್ಯ ಏನನ್ನು ಆರಿಸಿಕೊಳ್ಳುತ್ತಾನೋ ಅದೇ ಅವನಿಗೆ ಇಷ್ಟ. 1938ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಈ ವಿಚಾರಕ್ಕೆ ಗಣಿತದ ರೂಪ ಕೊಟ್ಟರು. ಆದರೆ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 2004ರಲ್ಲಿ ಟೆಕ್ಸಾಸ್‌ನ 909 ದುಡಿಯುವ ಮಹಿಳೆಯರ ದಿನಚರಿ ಕೇಳಿದಾಗ, ಕೆಲಸಕ್ಕೆ ಹೋಗಿಬರುವ ಹೊತ್ತು ಅತಿ ಕಡಿಮೆ ಸಂತೋಷದ ಹೊತ್ತುಗಳಲ್ಲಿ ಒಂದೆಂದು ತಿಳಿಯಿತು. ಜರ್ಮನಿಯ ಅಂಕಿಅಂಶ ನೋಡಿದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ, ದೂರದಿಂದ ಓಡಾಡುವವರ ಬದುಕಿನ ತೃಪ್ತಿಯೇ ಕಡಿಮೆ ಎಂದು 2008ರಲ್ಲಿ ಬರೆದರು. ಇಷ್ಟು ಓದಿದ ತಜ್ಞರು ‘ಇವರ ಆಯ್ಕೆ ತಪ್ಪು, ತಿದ್ದಬೇಕು’ ಎಂದುಬಿಡುವುದು ಸುಲಭ.

ಇಲ್ಲೇ ತಡೆದು ಯೋಚಿಸಬೇಕು. ಅಳತೆಗೆ ಸಿಕ್ಕಿದ್ದು ಟೆಕ್ಸಾಸ್, ಜರ್ಮನಿಯವರ ಪ್ರಯಾಣದ ಬೇಸರ ಮತ್ತು ತೃಪ್ತಿಯ ಕೊರತೆ. ತಲೆಮಾರುಗಳಿಂದ ಬಾಳಿದ ಕ್ವಾರ್ಟರ್ಸ್, ಗಣಿಯ ದೂಳು ಕುಡಿದು ಕೆಮ್ಮುವ ಅಪ್ಪ, ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯ ಅಕ್ಕ, ಬೆಂಗಳೂರಿನ ಬಾಡಿಗೆ ಮತ್ತು ಅಡ್ವಾನ್ಸು ಆ ಲೆಕ್ಕದೊಳಗೆ ಬರಲಿಲ್ಲ. ಸಂಜೆಯ ಮಾತೂ ನಿಜ, ಭಾನುವಾರದ ಮಾತೂ ನಿಜ. ಎರಡರಲ್ಲಿ ಒಂದನ್ನು ‘ಅಸಲಿ ಮನಸ್ಸು’ ಎಂದು ಆರಿಸುವ ಅಧಿಕಾರ ಹೊರಗಿನವರಿಗಿಲ್ಲ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ರಾಬರ್ಟ್ ಸಗ್ಡೆನ್ ವಾದಿಸುವುದೂ ಈ ನೆಲೆಯಲ್ಲೇ. ಜನರ ಇಷ್ಟಗಳು ಹೊತ್ತಿಗೊಂದು ಬಗೆ ಆಗಬಹುದು. ಆದರೂ ತಮ್ಮ ಮುಂದೆ ಹೆಚ್ಚು ಅವಕಾಶಗಳಿರಲಿ ಎಂದು ಬಯಸುವ ಹಕ್ಕು ಅವರಿಗಿದೆ. ಹಾಗಾಗಿ ಒಳಿತನ್ನು ಅವಕಾಶಗಳಿಂದ ಅಳೆಯಬೇಕು ಎನ್ನುತ್ತಾರೆ ಅವರು.

ಕೆಜಿಎಫ್ ಬಗ್ಗೆ ನಿರ್ಧರಿಸುವವರು ಹಿಡಿಯಬೇಕಾದ ಅಳತೆಗೋಲು ಇದು. ಊರು ಬಿಡಿ ಎಂದಾಗಲಿ, ಊರಲ್ಲೇ ಇರಿ ಎಂದಾಗಲಿ ಉಪದೇಶ ಬೇಡ. ಹೆಚ್ಚು ಬೋಗಿ, ಹೆಚ್ಚು ರೈಲು, ವಾಸದ ಮನೆಗೆ ಗಟ್ಟಿ ಹಕ್ಕುಪತ್ರ, ರಾಬರ್ಟ್‌ಸನ್‌ಪೇಟೆ–ಬಂಗಾರಪೇಟೆಯ ಸುತ್ತಲೇ ಸಂಬಳದ ಕೆಲಸ ಬರಲಿ. ಆಮೇಲೆ ಉಳಿಯುವವರು ಉಳಿಯಲಿ, ಹೋಗುವವರು ಹೋಗಲಿ, ಮನಸ್ಸು ಬದಲಾದವರು ಮರಳಿ ಬರಲಿ. ಗಣಿ ಮುಚ್ಚುವಾಗ ಈ ಜನಕ್ಕೆ ಆಯ್ಕೆಯೇ ಇರಲಿಲ್ಲ. ಈಗಲಾದರೂ ಅದು ಅವರ ಕೈಯಲ್ಲಿರಬೇಕು.