ಮುಟ್ಟಿಗೆ ಮುಂಚಿನ ಸಂಕಟ: ಮೊಸರು ಎಷ್ಟು ನೆರವಾದೀತು?

ಮುಟ್ಟಾಗುವ ನಾಲ್ಕೈದು ದಿನ ಮುಂಚೆ ಹೊಟ್ಟೆಯುಬ್ಬರ, ಮಲಬದ್ಧತೆ, ಎದೆನೋವು, ತಲೆನೋವು, ಕಾರಣವಿಲ್ಲದ ಅಳು, ಸಣ್ಣ ಮಾತಿಗೂ ಸಿಟ್ಟು ನಿಮ್ಮನ್ನು ಕಾಡುತ್ತವೆಯೇ ಸಹೋದರಿ? ಸ್ರಾವ ಆರಂಭವಾದ ಕೆಲವು ದಿನಗಳಲ್ಲಿ ಅವೆಲ್ಲ ತಾವಾಗಿಯೇ ಇಳಿಯುತ್ತವೆಯೇ? ಹಾಗಿದ್ದರೆ ಅದು ನಿಮ್ಮ ಸ್ವಭಾವದ ದೋಷವಲ್ಲ. ವೈದ್ಯರು ಅದನ್ನು ಪಿಎಂಎಸ್ ಎನ್ನುತ್ತಾರೆ.

ಈ ಸಂಕಟಕ್ಕೂ ಕರುಳಿಗೂ ನಂಟಿದೆಯೇ ಎಂದು ವಿಜ್ಞಾನಿಗಳು ಈಗ ಹುಡುಕುತ್ತಿದ್ದಾರೆ. ನಮ್ಮ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳಿಗೆ ಅಲ್ಲಾಹನು ನೆಲೆ ಕೊಟ್ಟಿದ್ದಾನೆ. ಯಕೃತ್ತು ಹೊರಹಾಕಲೆಂದು ಪಿತ್ತರಸದ ಜೊತೆ ಕಳುಹಿಸಿದ ಈಸ್ಟ್ರೋಜನ್ ಹಾರ್ಮೋನನ್ನು ಅವುಗಳಲ್ಲಿ ಕೆಲವು ಬಿಡಿಸಿ, ಮತ್ತೆ ರಕ್ತಕ್ಕೆ ಸೇರುವಂತೆ ಮಾಡುತ್ತವೆ. 2022ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಈ ತೊಂದರೆ ಹೆಚ್ಚಿರುವ ಮಹಿಳೆಯರಲ್ಲಿ ಬ್ಯುಟಿರೇಟ್ ಎಂಬ ಉಪಕಾರಿ ಆಮ್ಲ ತಯಾರಿಸುವ ಕೆಲವು ಬ್ಯಾಕ್ಟೀರಿಯಾಗಳು ಕಡಿಮೆಯಿದ್ದವು. ಆದರೆ ಅವು ಕಡಿಮೆಯಾದುದರಿಂದ ತೊಂದರೆ ಬಂತೋ, ತೊಂದರೆಯಿಂದಲೇ ಅವು ಕಡಿಮೆಯಾದವೋ ಎಂಬುದನ್ನು ಇಂತಹ ಅಧ್ಯಯನ ಹೇಳಲಾರದು.

ಆದ್ದರಿಂದ ದುಬಾರಿ ಪ್ರೋಬಯೋಟಿಕ್ ಮಾತ್ರೆಯಿಂದ ಪಿಎಂಎಸ್ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಿ ಹಣ ಕಳೆದುಕೊಳ್ಳಬೇಡಿ. ಅದರ ಬದಲು ಅಡುಗೆಮನೆಯತ್ತ ನೋಡಿ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಮತ್ತು ಮಜ್ಜಿಗೆಯಲ್ಲಿ ಜೀವಂತ ಬ್ಯಾಕ್ಟೀರಿಯಾಗಳಿವೆ. ಮಜ್ಜಿಗೆಹುಳಿ ಕುದಿಸಿದರೆ, ಇಡ್ಲಿ ಬೇಯಿಸಿದರೆ ಅವು ಸಾಯುತ್ತವೆ. ಅನ್ನ ಆರಿದ ಮೇಲೆಯೇ ಮೊಸರು ಕಲಸಿ. ಒಳಗಿರುವ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ನಾರು ರಾಗಿ, ಹೆಸರುಕಾಳು, ಸೊಪ್ಪು, ಹಣ್ಣುಗಳಲ್ಲಿದೆ. ವೈದ್ಯರು ಹೇಳದೆ ಆಂಟಿಬಯೋಟಿಕ್ ನುಂಗಬೇಡಿ. ಅದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಮೊಸರಿನಿಂದ ಇನ್ನೊಂದು ಲಾಭವಿದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಿದವರ ಲಕ್ಷಣಗಳು ಮೂರನೇ ತಿಂಗಳಿಗೆ ಸುಮಾರು ಅರ್ಧದಷ್ಟು ಇಳಿದವು. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಇಳಿದದ್ದು ಶೇ. 30ರಷ್ಟು. 200 ಗ್ರಾಂ ಮೊಸರಿನಲ್ಲಿ ಸುಮಾರು 250 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕುದಿಸಿದರೂ ಅದು ನಾಶವಾಗದು. ಕ್ಯಾಲ್ಸಿಯಂ ಮಾತ್ರೆ ಬೇಕೇ ಎಂಬುದನ್ನು ವೈದ್ಯರಲ್ಲಿಯೇ ಕೇಳಿ.

ಎರಡು ಮೂರು ತಿಂಗಳು ಯಾವ ದಿನ ಏನಾಯಿತೆಂದು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ವೈದ್ಯರಿಗೆ ಅದು ಬಹಳ ಉಪಯುಕ್ತ. ಬದುಕೇ ಬೇಡವೆನಿಸುವಷ್ಟು ಹತಾಶೆ ಕವಿದರೆ ಮಾತ್ರ ತಡಮಾಡಬೇಡಿ. ಅದಕ್ಕೆ ಚಿಕಿತ್ಸೆಯಿದೆ. ಸಬ್ರ್ ಎಂದರೆ ಚಿಕಿತ್ಸೆ ಬಿಟ್ಟು ಕೂರುವುದಲ್ಲ.

ಮನೆಯವರಿಗೂ ಒಂದು ಮಾತು. ಮುಟ್ಟಿನ ದಿನಗಳಲ್ಲಿ ನಮಾಝ್ ಮತ್ತು ಉಪವಾಸದಿಂದ ಹೆಣ್ಣಿಗೆ ವಿನಾಯಿತಿಯಿದೆ. ಅದಕ್ಕೆ ಮುಂಚಿನ ದಿನಗಳಲ್ಲಿ ಆಕೆ ನೋವಿನೊಂದಿಗೇ ಉಪವಾಸವಿದ್ದು ಇಫ್ತಾರಿನ ಅಡುಗೆಯನ್ನೂ ಮಾಡುತ್ತಿರುತ್ತಾಳೆ. ಮುಟ್ಟಾಗಿದ್ದ ಹ. ಆಯಿಶಾ(ರ) ಕುಡಿದ ಪಾತ್ರೆಯಿಂದ, ಅವರು ತುಟಿಯಿಟ್ಟ ಜಾಗದಲ್ಲೇ ಬಾಯಿಟ್ಟು ಪ್ರವಾದಿ(ಸ) ಕುಡಿಯುತ್ತಿದ್ದರೆಂದು ಹದೀಸಿನಲ್ಲಿದೆ. ಆ ಮೃದುತ್ವ ನಮ್ಮ ಮನೆಗಳಲ್ಲಿದೆಯೇ? ಮಗಳೋ ಸೊಸೆಯೋ ಆ ದಿನಗಳಲ್ಲಿ ಸಿಡುಕಿದರೆ, ಗದರುವ ಮೊದಲು ಅವಳ ಕೈಯಲ್ಲಿರುವ ಕೆಲಸವನ್ನು ತೆಗೆದುಕೊಳ್ಳಿ.