ಕಾಪ್ರಾ ಕೊಬ್ಬರಿ, ಕೋಬ್ರಾ ನಾಗರ

ನಿಮಗಿದು ಗೊತ್ತೆ? ಇಂಗ್ಲಿಷಿನ ‘ಕೋಬ್ರಾ’ ನಾಗರಹಾವು, ‘ಕಾಪ್ರಾ’ ಒಣಕೊಬ್ಬರಿ. ಎರಡೂ ಇಂಗ್ಲಿಷಿಗೆ ಬಂದದ್ದು ಪೋರ್ಚುಗೀಸರ ಬಾಯಿಂದ. ಹೆಡೆಯೆತ್ತುವ ಹಾವನ್ನು ಅವರು ‘ಕೋಬ್ರಾ ದಿ ಕಪೇಲು’, ಅಂದರೆ ಮುಸುಕುಟೊಪ್ಪಿಯ ಹಾವು ಎಂದರು. ಬರೀ ‘ಕೋಬ್ರಾ’ ಅವರಿಗೆ ಯಾವ ಹಾವಾದರೂ ಆದೀತು. ಕಾಪ್ರಾ ಮಾತ್ರ ನಮ್ಮ ಕಡೆಯದೇ: ಮಲಯಾಳದ ‘ಕೊಪ್ಪರ’, ನಮ್ಮ ಕೊಬ್ಬರಿಯ ಒಡಹುಟ್ಟು. ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯಾ ದ ಒರ್ತಾ, 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಪುಸ್ತಕದಲ್ಲಿ ‘ಕಾಪ್ರಾ’ ಪದ ಬಳಸಿದ್ದಾನೆ. ಒಣಗಿಸಿದ ಕಾಯಿ ಹೋರ್ಮುಜ್‌ಗೂ ಘಟ್ಟದ ಮೇಲಕ್ಕೂ ಹೋಗುತ್ತಿತ್ತೆಂದು ಬರೆದಿದ್ದಾನೆ. ‘ಕಾಪ್ರಾ’ ಬರೆಯುವಾಗ ಎಚ್ಚರ: ಕೊಬ್ಬರಿಯಲ್ಲಿ ‘ಬ’ ಇದೆಯೆಂದು ಇಂಗ್ಲಿಷಿನಲ್ಲಿ ‘ಬಿ’ ಹಾಕಬೇಡಿ, ಅಲ್ಲಿ ‘ಪಿ’ಯೇ ಸರಿ.