ಗುಜರಾತಿಗೆ ಹೋದ ಕದಂಬರ ಮಗಳು

ರಜೆಗೆ ತೇರಗಾಂವಕ್ಕೆ ಬಂದಿದ್ದ ಮೊಮ್ಮಗಳನ್ನು ಹಲಸಿಗೆ ಕರೆದೊಯ್ದಿದ್ದೆ. ನಮ್ಮ ಹಳಿಯಾಳ ಸೀಮೆ ದಾಟಿದರೆ ಖಾನಾಪುರ ತಾಲ್ಲೂಕಿನ ಹಲಸಿ. ಅಲ್ಲಿನ ಭೂವರಾಹ ನರಸಿಂಹ ದೇವಾಲಯ ನೋಡಿದ ಮೇಲೆ ಅವಳು, "ಅಜ್ಜಾ, ಇಲ್ಲಿನ ರಾಜರ ಕಥೆ ಹೇಳು" ಎಂದಳು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಆಗ ನೆನಪಾದದ್ದು ಗೋವೆಯ ಕದಂಬರ ಒಂದನೆಯ ಜಯಕೇಶಿ.

ಮಕ್ಕಳೇ, ಈತ ಆಳಿದ್ದು 11ನೆಯ ಶತಮಾನದಲ್ಲಿ. ರಾಜಧಾನಿಯನ್ನು ಚಂದ್ರಪುರದಿಂದ ಗೋಪಕಪಟ್ಟಣಕ್ಕೆ ತಂದ. ಅದು ಬಂದರು, ಅರಬ್ ವರ್ತಕರೂ ಬರುತ್ತಿದ್ದರು. ಹಣವಿತ್ತು, ಹಡಗುಗಳಿದ್ದವು. ಆದರೆ ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳು. ಚಿಕ್ಕ ರಾಜ ದೊಡ್ಡವನಾಗುವುದು ಹೇಗೆ? ಕತ್ತಿಯಿಂದ ಆಗದ್ದು ಬೀಗತನದಿಂದ ಆದೀತು. ಜಯಕೇಶಿಯ ಮಗಳು ಮಯಣಲ್ಲದೇವಿ ಗುಜರಾತಿನ ದೊರೆ ಕರ್ಣನನ್ನು ಮದುವೆಯಾಗಿ ಪಾಟಣಕ್ಕೆ ಹೋದಳು. ಮುಂದೆ ಮೊಮ್ಮಗ ಇಮ್ಮಡಿ ಜಯಕೇಶಿಗೆ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನೇ ಮಗಳು ಮೈಲಲದೇವಿಯನ್ನು ಕೊಟ್ಟ.

"ಹೋಗಲು ಅವಳಿಗೆ ಮನಸ್ಸಿತ್ತೇ?" ಮೊಮ್ಮಗಳ ಪ್ರಶ್ನೆ. ನಾನು ತಡವರಿಸಿದೆ. ನನ್ನ ಮಗಳ ಸಂಬಂಧ ಗೊತ್ತುಮಾಡುವಾಗ ನಾನೂ ವರನ ಸಂಬಳ ಕೇಳಿದ್ದೆ, ಮಗಳ ಮನಸ್ಸು ಕೇಳಿರಲಿಲ್ಲ.

ಗುಜರಾತಿನ ಹಳೆಯ ಕಥೆಯೊಂದು ಹೀಗಿದೆ. ವಧು ಚೆಲುವೆಯಲ್ಲವೆಂದು ಕರ್ಣ ಮುಖ ತಿರುಗಿಸಿದನಂತೆ. ಆಗ ತಾಯಿ ಉದಯಮತಿ, "ಅವಳೊಡನೆ ನಾನೂ ಸಾಯುವೆ" ಎಂದು ಹಟ ಹಿಡಿದು ಮದುವೆ ಮಾಡಿಸಿದಳಂತೆ. ಬೇಡವೆನಿಸಿಕೊಂಡವಳೇ ಮುಂದೆ ಪ್ರಸಿದ್ಧ ದೊರೆ ಸಿದ್ಧರಾಜ ಜಯಸಿಂಹನ ತಾಯಿಯಾದಳು. ಸೋಮನಾಥಕ್ಕೆ ಹೋಗುವ ಯಾತ್ರಿಕರ ಮೇಲಿನ ಸುಂಕವನ್ನು ಮಗನಿಗೆ ಹೇಳಿ ತೆಗೆಸಿದಳಂತೆ.

ಧೋಳಕಾದಲ್ಲಿ ಆಕೆ ಕಟ್ಟಿಸಿದ ಮಲಾವ್ ಕೆರೆ ಈಗಲೂ ಇದೆ. ಕೆರೆಗೆ ಅಡ್ಡವಾಗಿದ್ದ ಮನೆಯನ್ನು ಬಡ ಹೆಂಗಸೊಬ್ಬಳು ಬಿಟ್ಟುಕೊಡಲಿಲ್ಲವಂತೆ. ರಾಣಿ ಬಲವಂತ ಮಾಡಲಿಲ್ಲ. ಕೆರೆಯ ಅಂಚೇ ಅಲ್ಲಿ ಸೊಟ್ಟಗಾಯಿತು. "ನ್ಯಾಯ ನೋಡಬೇಕಾದರೆ ಮಲಾವ್ ಕೆರೆ ನೋಡು" ಎಂದು ಅಲ್ಲಿ ಗಾದೆಯೇ ಇದೆ.

ಸಿದ್ಧರಾಜನಿಗೆ ಗಂಡುಮಕ್ಕಳಾಗಲಿಲ್ಲ. ಪಾಟಣದ ಸಿಂಹಾಸನ ಬೇರೆ ಕವಲಿನ ಕುಮಾರಪಾಲನಿಗೆ ಹೋಯಿತು. ಅಲ್ಲಿಗೆ ಜಯಕೇಶಿಯ ಬೀಗತನದ ಲೆಕ್ಕ ಮುಗಿಯಿತು. ಕೆರೆ ಮಾತ್ರ ಉಳಿಯಿತು.

"ಅವಳಿಗೆ ಬಲವಂತ ಅಂದರೇನು ಅಂತ ಗೊತ್ತಿತ್ತೇನೋ ಅಜ್ಜಾ" ಎಂದಳು ಮೊಮ್ಮಗಳು. ಆ ರಾತ್ರಿ ಮಗಳಿಗೆ ಫೋನ್ ಮಾಡಿದೆ.